ಮಗಳಿಗೊಂದು ಪತ್ರ: ಫೋನಲ್ಲಿ ಆಗದ ಮಾತು

ಬದಿಯಡ್ಕ

ಪ್ರೀತಿಯ ಮಗಳೇ,

"ಇದನ್ನೆಲ್ಲ ಫೋನಲ್ಲಿ ಕೇಳ್ಬೇಡಮ್ಮ" ಅಂತ ನಿನ್ನೆ ಸಿಟ್ಟಲ್ಲಿ ಇಟ್ಟುಬಿಟ್ಟೆ. ಹಾಸ್ಟೆಲಲ್ಲಿ ಅಕ್ಕಪಕ್ಕ ಜನ ಇರುತ್ತಾರೆ, ನಿಜ. ಅದಕ್ಕೇ ಬರೆಯುತ್ತಿದ್ದೇನೆ. ಮುಟ್ಟಿನ ಜಾಗದಲ್ಲಿ ತುರಿಕೆ ಅಂತ ಬಾಯಿಬಿಟ್ಟು ಹೇಳಿದೆಯಲ್ಲ, ನನಗೆ ಹೆಮ್ಮೆಯೇ ಆಯಿತು.

ನಿನ್ನ ದೊಡ್ಡಮ್ಮನಿಗೂ ಇದೇ ತುರಿಕೆ ಇತ್ತು, ಅವಳು ಯಾರಿಗೂ ಹೇಳಲಿಲ್ಲ. ಆಟಿ ತಿಂಗಳ ಮಳೆ, ಬಟ್ಟೆ ಒಣಗುತ್ತಿರಲಿಲ್ಲ. ಒಳಬಟ್ಟೆಯನ್ನು ಹಗ್ಗದ ಮೇಲೆ ಸೀರೆಯ ಅಡಿಗೆ ಹಾಕುತ್ತಿದ್ದಳು, ಗಂಡಸರ ಕಣ್ಣಿಗೆ ಬೀಳಬಾರದು ಅಂತ. ಅರ್ಧ ಒದ್ದೆ ಇದ್ದದ್ದನ್ನೇ ಹಾಕಿಕೊಳ್ಳುವುದು. ಉಷ್ಣ ಅಂತ ಕೊತ್ತಂಬರಿ ನೀರು ಕುಡಿದಳು. ನಡುರಾತ್ರಿ ಎದ್ದು ಬಚ್ಚಲಲ್ಲಿ ತಣ್ಣೀರು ಹೊಯ್ದುಕೊಳ್ಳುತ್ತಿದ್ದಳು, ಪಕ್ಕದಲ್ಲಿ ಮಲಗಿದ ನನಗೆ ಎಚ್ಚರವಾಗುತ್ತಿತ್ತು. ಕಡಿಮೆಯಾಗುವುದು, ಮತ್ತೆ ಬರುವುದು. ವರ್ಷಗಟ್ಟಲೆ ಹೀಗೇ. ಕೊನೆಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ವಿಪರೀತ ಏರಿತ್ತು. ಶುಗರ್ ಜಾಸ್ತಿಯಾದವರಿಗೆ ಇದು ಮತ್ತೆ ಮತ್ತೆ ಬರುತ್ತದೆ ಅಂತ ಡಾಕ್ಟರ್ ಆಮೇಲೆ ಹೇಳಿದರು. ಮೊದಲೇ ತೋರಿಸಿದ್ದರೆ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿನಗೆ ಹಾಗಿರಲಿಕ್ಕಿಲ್ಲ. ಕೆಮ್ಮಿಗೆ ಆಂಟಿಬಯೋಟಿಕ್ ತೆಗೆದುಕೊಂಡಿದ್ದೆ ಅಲ್ವಾ? ಕ್ಯಾಂಡಿಡಾ ಅನ್ನುವ ಫಂಗಸ್ ಮೈಯಲ್ಲಿ ಮೊದಲೇ ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆ ಬ್ಯಾಕ್ಟೀರಿಯಾ ಆ ಮದ್ದಿಗೆ ಸತ್ತರೆ ಇದು ಹೆಚ್ಚುತ್ತದೆ. ನೂರರಲ್ಲಿ 75ರಷ್ಟು ಹೆಂಗಸರಿಗೆ ಒಮ್ಮೆಯಾದರೂ ಬರುತ್ತದೆ. ಕೊಳಕಿನಿಂದಲ್ಲ, ನಡತೆಯಿಂದಲೂ ಅಲ್ಲ. ನೀನು ತಲೆ ತಗ್ಗಿಸುವಂಥದ್ದೇನೂ ಇಲ್ಲ.

ಆದರೆ ರೂಮ್‌ಮೇಟ್ ಕೊಟ್ಟ ಆ ಟ್ಯೂಬ್ ಹಚ್ಚಬೇಡ. ಕೆಲವು ಕ್ರೀಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ತುರಿಕೆ ಅಡಗಿದ ಹಾಗಾಗಿ ಫಂಗಸ್ ಇನ್ನೂ ಬೆಳೆಯುತ್ತದೆ. ಮೊಸರಿನ ಹಾಗೆ ಗಟ್ಟಿ ಬಿಳುಪು ಹೋದರೆ, ವಾಸನೆ ಇಲ್ಲದಿದ್ದರೆ ಇದೇ ಇರಬಹುದು. ಮೀನಿನ ವಾಸನೆ ಬಂದರೆ ಬೇರೆ ಕಾಯಿಲೆ, ಬೇರೆ ಮದ್ದು. ಸುಮ್ನೆ ಊಹೆ ಮಾಡಬೇಡ, ತೋರಿಸು. ಒಳಗೆ ಇಟ್ಟುಕೊಳ್ಳಲು ಕ್ಲೋಟ್ರಿಮಜೋಲ್ ಮಾತ್ರೆ ಕೊಡುತ್ತಾರೆ, ಇಲ್ಲವೇ ನುಂಗಲು ಫ್ಲುಕೊನಜೋಲ್ 150 ಮಿಲಿಗ್ರಾಂ, ಸಾಮಾನ್ಯವಾಗಿ ಒಂದೇ ಗುಳಿಗೆ. ಕೆಲವು ದಿನದ ಮದ್ದು ಕೊಟ್ಟರೆ, ತುರಿಕೆ ನಿಂತಿತು ಅಂತ ಅರ್ಧಕ್ಕೆ ಬಿಡಬೇಡ. ಒಳಗೆ ಸೋಪು ಹಾಕಿ ತೊಳೆಯಬೇಡ. ಹತ್ತಿಯ ಒಳಬಟ್ಟೆ, ಪೂರ್ತಿ ಒಣಗಿದ್ದು. ಬಿಗಿ ಜೀನ್ಸ್ ಸ್ವಲ್ಪ ದಿನ ಬೇಡ. ಪಾಠ ಜಾಸ್ತಿಯಾಯಿತು, ಬೇಜಾರು ಮಾಡಿಕೊಳ್ಳಬೇಡ ಮಗಳೇ.

ಶನಿವಾರ ಲೇಡಿ ಡಾಕ್ಟರ್ ಹತ್ತಿರ ಹೋಗು. ಒಬ್ಬಳೇ ಆಗದಿದ್ದರೆ ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ನಾನೇ ಬರುತ್ತೇನೆ. ದೊಡ್ಡಮ್ಮನಿಗೆ ಶುಗರ್ ಇದೆ ಅಂತ ಅವರಿಗೆ ಹೇಳು. ಮುಟ್ಟು ತಪ್ಪಿದ್ದರೆ ಅದನ್ನೂ ಹೇಳು, ಗರ್ಭಿಣಿಯರಿಗೆ ಆ ನುಂಗುವ ಗುಳಿಗೆ ಕೊಡುವುದಿಲ್ಲ. ನಾನು ಆ ವಿಷಯ ಕೇಳುವುದಿಲ್ಲ.

ನಿನ್ನ ಅಮ್ಮ