ನಮ್ಮ ಶಾಸನಗಳು ಬೇರೆ ಜಿಲ್ಲೆಯ ಹೆಸರಿನಲ್ಲಿವೆ

ಮಾನ್ಯ ಸಂಪಾದಕರೇ,

ಚನ್ನಗಿರಿ ತಾಲ್ಲೂಕಿನ ದೇವಾಲಯಗಳ ಕುರಿತು ಕಿರುಪ್ರಬಂಧ ಬರೆಯುತ್ತಿರುವ ಎಂ.ಎ. ವಿದ್ಯಾರ್ಥಿನಿಯೊಬ್ಬರು ಕಳೆದ ವಾರ ಮನೆಗೆ ಬಂದು, ‘ನೆಟ್‌ನಲ್ಲಿ ನಮ್ಮ ಜಿಲ್ಲೆಯ ಶಾಸನಗಳೇ ಇಲ್ಲ ಸರ್’ ಎಂದು ಮೊಬೈಲ್ ಮುಂದೆ ಹಿಡಿದರು. ‘ದಾವಣಗೆರೆ ಜಿಲ್ಲೆ ಶಾಸನಗಳು’ ಎಂದು ಹುಡುಕಿದ್ದಕ್ಕೆ ಸಂತೇಬೆನ್ನೂರು ಪುಷ್ಕರಣಿಯ ಪ್ರವಾಸಿ ಚಿತ್ರಗಳೂ ಬೆಣ್ಣೆದೋಸೆ ಹೋಟೆಲುಗಳ ವಿಳಾಸಗಳೂ ಬಂದಿದ್ದವು.

ಶಾಸನಗಳೇನೋ ಇವೆ, ಆದರೆ ಬೇರೆ ಜಿಲ್ಲೆಯ ಹೆಸರಿನಲ್ಲಿವೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ; ಬ್ರಿಟಿಷ್ ಕಾಲದ ಶಾಸನತಜ್ಞ ಬಿ.ಎಲ್. ರೈಸ್ ಅವರ ಶಾಸನಸಂಗ್ರಹ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು ಅಚ್ಚಾದದ್ದು ಅದಕ್ಕೂ ಸುಮಾರು ಒಂದು ಶತಮಾನ ಮೊದಲು. ಹಾಗಾಗಿ ಚನ್ನಗಿರಿ, ಹೊನ್ನಾಳಿಗಳ ಶಾಸನಗಳನ್ನು ಶಿವಮೊಗ್ಗ ಜಿಲ್ಲೆಯ 7ನೇ ಸಂಪುಟದಲ್ಲಿ ನೋಡಬೇಕು; ದಾವಣಗೆರೆಯವು ಚಿತ್ರದುರ್ಗದ 11ನೇ ಸಂಪುಟದಲ್ಲಿವೆ, ಹರಿಹರದವೂ ಅಲ್ಲಿ ದಾವಣಗೆರೆ ತಾಲ್ಲೂಕಿನ ಲೆಕ್ಕಕ್ಕೇ ಸೇರಿವೆ. ಎರಡೂ ಸಂಪುಟಗಳು ‘ಇಂಟರ್ನೆಟ್ ಆರ್ಕೈವ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಹೆಸರಿನ ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ರೈಸ್ ಅವರ ಸಂಪುಟದ ಮೇಲೆ ಚಿತ್ರದುರ್ಗ ‘ಚಿತಲ್‌ಡ್ರೂಗ್’ ಆಗಿದ್ದು, ಇಂಗ್ಲಿಷಿನಲ್ಲಿ ಅದಕ್ಕೆ ಎರಡು ‘ಒ’ ಅಕ್ಷರಗಳಿವೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದ ವರದಿ, ಪುರಾತತ್ವ ಇಲಾಖೆಯ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ 4ನೇ ಸಂಚಿಕೆಯಲ್ಲಿದೆ. ಅಲ್ಲಿ ಚಿತ್ರದುರ್ಗದ ಅದೇ ಹಳೆಯ ಹೆಸರಿಗೆ ಎರಡು ‘ಒ’ಗಳ ಬದಲು ಒಂದೇ ‘ಯು’. ಇಂದಿನ ಹೆಸರೂ ಸೇರಿ, ಹುಡುಕಾಟದ ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಊರುಗಳು. ಹರಿಹರವಂತೂ ಬ್ರಿಟಿಷರ ಬರವಣಿಗೆಯಲ್ಲಿ ಗುರುತೇ ಸಿಗದಂತೆ ‘ಹರ್ರಿಹರ್’ ಆಗಿ ಕುಳಿತಿದೆ.

ಇನ್ನೊಂದು ಸಂಗತಿ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಟ ಬರಿಯ ಚಿತ್ರವಾಗಿ ಉಳಿದಿರುವಾಗ ಅದರೊಳಗಿನ ಪದವನ್ನು ಹುಡುಕಲಾಗುವುದಿಲ್ಲ. ರೈಸ್ ಅವರ ಸಂಪುಟಗಳಲ್ಲಿ ಕನ್ನಡ ಪಾಠದ ಜೊತೆಗೆ ರೋಮನ್ ಲಿಪ್ಯಂತರವೂ ಇಂಗ್ಲಿಷ್ ಅನುವಾದವೂ ಇರುವುದರಿಂದ, ಮೊದಲು ಅನುವಾದದ ಭಾಗದಲ್ಲಿ ಊರಿನ ಹೆಸರು ಹುಡುಕಿ, ಶಾಸನದ ಸಂಖ್ಯೆ ಹಿಡಿದು ಕನ್ನಡ ಪಾಠಕ್ಕೆ ಬರುವುದು ಸುಲಭ. ಆ ವಿದ್ಯಾರ್ಥಿನಿ ಹೀಗೆ ಮಾಡಿ ಹತ್ತೇ ನಿಮಿಷದಲ್ಲಿ ತಮ್ಮ ತಾಲ್ಲೂಕಿನ ಪುಟಗಳನ್ನು ತೆರೆದರು. ಕನ್ನಡದ ಶಾಸನ ಓದಲು ಇಂಗ್ಲಿಷಿನ ಬಾಗಿಲಿನಿಂದ ಒಳಗೆ ಹೋಗಬೇಕಾದದ್ದು ನನಗೆ ಸಂಕಟದ ವಿಷಯವೇ. ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದಿರುವ ವಚನಗಳು ಸಾಲಾಗಿ ಬರುತ್ತವೆ. ಶಾಸನಗಳಿಗೂ ಅಂಥ ಅನುಕೂಲ ಬೇಕು.

ಇದು ಪುಸ್ತಕಗಳಲ್ಲಿ ಅಚ್ಚಾಗಿ ಉಳಿದವುಗಳ ಮಾತಾಯಿತು. ಅಚ್ಚಾಗದೆ ಉಳಿದವೂ ಇವೆ. ದಾವಣಗೆರೆ, ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ವೃತ್ತಿರಂಗಭೂಮಿಯ ಕರಪತ್ರಗಳು, ಟಿಕೆಟ್ಟಿನ ತುಂಡುಗಳು, ಪಾತ್ರಧಾರಿಗಳ ಫೋಟೊಗಳು ಇಲ್ಲಿನ ಮನೆಗಳ ಟ್ರಂಕುಗಳಲ್ಲಿವೆ. ನಾನೇ ಇಟ್ಟುಕೊಂಡಿದ್ದ ಒಂದು ಗುಲಾಬಿ ಬಣ್ಣದ ಕರಪತ್ರ ಮಡಿಕೆಯಲ್ಲೇ ನಾಲ್ಕು ಚೂರಾಗಿದೆ.

ಇಂದಿನ ತಾಲ್ಲೂಕಿನ ಹೆಸರು, ಅದರ ಎದುರಿಗೆ ಹಳೆಯ ಜಿಲ್ಲೆ, ಸಂಪುಟದ ಸಂಖ್ಯೆ, ಇಂಗ್ಲಿಷಿನ ಹಳೆಯ ಕಾಗುಣಿತ, ಸಿಗುವ ಜಾಲತಾಣ: ಇಷ್ಟಿರುವ ಕನ್ನಡದ ಸೂಚಿಯೊಂದನ್ನು ಈ ಜಿಲ್ಲೆಗಳ ಗ್ರಂಥಾಲಯಗಳು ಸಿದ್ಧಪಡಿಸಿ, ವಾಚನಾಲಯದ ಗೋಡೆಗೆ ಅಂಟಿಸಬೇಕೆಂದು ಕೋರುತ್ತೇನೆ. ಇದಕ್ಕೆ ಅನುದಾನ ಬೇಕಿಲ್ಲ. ಕರಪತ್ರ ಮತ್ತು ಫೋಟೊಗಳನ್ನು ಸ್ಕ್ಯಾನ್ ಮಾಡಿ, ಮೂಲವನ್ನು ಮಾಲೀಕರಿಗೇ ಹಿಂದಿರುಗಿಸುವ ಏರ್ಪಾಟನ್ನು ಆಮೇಲೆ ಮಾಡಬಹುದು. ವಿದ್ಯಾರ್ಥಿನಿಗೆ ಬರೆದುಕೊಟ್ಟ ಒಂದು ಪುಟದ ಪಟ್ಟಿ ನನ್ನಲ್ಲಿದೆ. ಯಾವ ಗ್ರಂಥಾಲಯ ಕೇಳಿದರೂ ನಕಲು ಕೊಡುತ್ತೇನೆ.

ಇಂತಿ,
ನಿವೃತ್ತ ಕನ್ನಡ ಅಧ್ಯಾಪಕ,
ದಾವಣಗೆರೆ