ಮಗಳಿಗೊಂದು ಪತ್ರ: ಮನೆಯ ಕಂಪ್ಯೂಟರಿನ ಕಾವಲು

ಕೊಪ್ಪಳದಿಂದ

ಚಿ. ಸೌ. ಮಗಳಿಗೆ ನಿನ್ನ ಅವ್ವನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ಅಳಿಯಂದಿರು ಮತ್ತು ಮೊಮ್ಮಗನೊಂದಿಗೆ ನೀನೂ ಕ್ಷೇಮವೆಂದು ನಂಬಿದ್ದೇನೆ.

ರಾಯಚೂರಿನ ಮನೆಗೆ ಕಂಪ್ಯೂಟರ್ ಬಂದ ಸುದ್ದಿ ಕೇಳಿ ನಾನೂ ನಿಮ್ಮಪ್ಪನೂ ಬಹಳ ಸಂತೋಷಪಟ್ಟೆವು. ದುಡ್ಡಿಲ್ಲದೆ ಸಿಗುವ ಆಂಟಿವೈರಸ್‌ಗಳಲ್ಲಿ ಯಾವುದನ್ನು ಹಾಕಿಕೊಳ್ಳಲಿ ಎಂದು ನೀನು ಫೋನಿನಲ್ಲಿ ಕೇಳಿದಾಗ ಅಂಗಡಿಯಲ್ಲಿ ಝೆರಾಕ್ಸಿಗೆ ಜನ ನಿಂತಿದ್ದರು. ಒಂದು ಹೆಸರು ಹೇಳಿ ಫೋನ್ ಇಡುವಂಥ ವಿಷಯ ಇದಲ್ಲವಾದ್ದರಿಂದ ಈಗ ಬಾಗಿಲು ಹಾಕಿ, ಸಮಾಧಾನವಾಗಿ ಕುಳಿತು ಬರೆಯುತ್ತಿದ್ದೇನೆ.

ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಡ ಎಂಬುದೇ ನನ್ನ ಉತ್ತರ. ವಿಂಡೋಸ್ 7ರ ಕಾಲದಲ್ಲಿ ನಾವು ಮೈಕ್ರೋಸಾಫ್ಟ್‌ನ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎಂಬುದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಾಗಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್‌ನೊಳಗೇ ಇದೆ. ಮೊದಲಿನ ವರ್ಷಗಳಲ್ಲಿ ಅದು ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದುದು ನಿಜ. ಈಗ ಹಾಗಿಲ್ಲ, ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಪರೀಕ್ಷಾ ಸಂಸ್ಥೆಗಳು ನಡೆಸುವ ಪರೀಕ್ಷೆಗಳಲ್ಲಿ ಅದು ದುಡ್ಡು ಕೊಟ್ಟು ಕೊಳ್ಳುವವುಗಳ ಸಾಲಿನಲ್ಲಿಯೇ ನಿಲ್ಲುತ್ತಿದೆ. ಆದರೆ ಹೊಸ ಕಂಪ್ಯೂಟರಿನಲ್ಲಿ ಮಾರುವವರೇ ಬೇರೊಂದು ಕಂಪನಿಯ, ಕೆಲವು ದಿನ ಮಾತ್ರ ಪುಕ್ಕಟೆ ನಡೆಯುವ ಟ್ರಯಲ್ ಆಂಟಿವೈರಸ್ ಹಾಕಿ ಕೊಡುವುದುಂಟು, ಅದು ಇರುವವರೆಗೆ ಡಿಫೆಂಡರ್ ತಾನಾಗಿಯೇ ಪಕ್ಕಕ್ಕೆ ಸರಿದಿರುತ್ತದೆ. ಹಾಗೇನಾದರೂ ಇದ್ದರೆ ಮೊದಲು ಅದನ್ನು ಅನ್‌ಇನ್‌ಸ್ಟಾಲ್ ಮಾಡು, ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ರಿಯಲ್-ಟೈಮ್ ಪ್ರೊಟೆಕ್ಷನ್, ಅಂದರೆ ಸದಾ ಕಾಯುವ ಕಾವಲು, ಆನ್ ಆಗಿದೆಯೇ ಎಂದು ನಿನ್ನ ಕಣ್ಣಾರೆ ನೋಡು.

ಉಚಿತವಾಗಿ ಕೊಡುವ ಬೇರೆ ಕಂಪನಿಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮಿಂದ ದುಡ್ಡು ತೆಗೆದುಕೊಳ್ಳದವರು ಯಾವುದರಿಂದ ಸಂಪಾದಿಸುತ್ತಾರೆ ಎಂದು ಕೇಳಿಕೊಳ್ಳಲೇಬೇಕು. ಲೋಕದಲ್ಲೆಲ್ಲ ಕೋಟ್ಯಂತರ ಜನ ನಂಬಿ ಹಾಕಿಕೊಂಡಿದ್ದ ಅವಾಸ್ಟ್, ಬಳಕೆದಾರರು ಯಾವ ಯಾವ ಜಾಲತಾಣ ನೋಡುತ್ತಾರೆಂಬ ವಿವರವನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿತೆಂಬ ಆರೋಪದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕೆಂದು ಆದೇಶಿಸಿತು. ಕಾವಲಿಗೆಂದು ಇಟ್ಟುಕೊಂಡವರೇ ಮನೆಯ ಗುಟ್ಟನ್ನು ಹೊರಗೆ ಮಾರಿದರೆ ಕಳ್ಳನಿಂದಾಗುವ ನಷ್ಟಕ್ಕಿಂತ ಅದು ಕಡಿಮೆಯೇನಲ್ಲ. ಎಂದಾದರೂ ಅನುಮಾನ ಬಂದಾಗ ಇನ್ನೊಮ್ಮೆ ತಪಾಸಣೆ ಮಾಡಲು ಮಾಲ್ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಸಾಕು. ಅದು ನಾವು ಹೇಳಿದಾಗ ಮಾತ್ರ ಹುಡುಕುತ್ತದೆ, ಆದ್ದರಿಂದ ಡಿಫೆಂಡರ್‌ಗೆ ಅಡ್ಡ ಬರುವುದಿಲ್ಲ. ಸದಾ ಎಚ್ಚರವಿರುವಂಥ ಎರಡು ಆಂಟಿವೈರಸ್‌ಗಳನ್ನು ಮಾತ್ರ ಒಟ್ಟಿಗೆ ಇಡಬೇಡ, ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ.

ಕಳೆದ ವಾರ ಡಿಗ್ರಿ ಓದುವ ಹುಡುಗಿಯೊಬ್ಬಳು ಪ್ರಾಜೆಕ್ಟ್ ವರದಿಯ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ತಂದಿದ್ದಳು. ತೆರೆದರೆ ಅವಳ ಫೋಲ್ಡರುಗಳೆಲ್ಲ ಇದ್ದಂತೆಯೇ ಕಂಡವು. ಆದರೆ ಪ್ರತಿಯೊಂದರ ಕೆಳಗಿನ ಎಡಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತಿತ್ತು, ಗಾತ್ರ ನೋಡಿದರೆ ಒಂದೊಂದೂ ಬರೀ 2 ಕೆಬಿ. ವೈರಸ್ ನಿಜವಾದ ಫೋಲ್ಡರುಗಳನ್ನು ಬಚ್ಚಿಟ್ಟು, ಅವುಗಳ ಹೆಸರಿನಲ್ಲಿಯೇ ಶಾರ್ಟ್‌ಕಟ್‌ಗಳನ್ನು ಇಟ್ಟಿತ್ತು. ಅದನ್ನು ಒತ್ತಿದರೆ ಫೋಲ್ಡರ್ ಎಂದಿನಂತೆ ತೆರೆದುಕೊಳ್ಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಅಷ್ಟರಲ್ಲಿ ವೈರಸ್ ಕಂಪ್ಯೂಟರಿಗೆ ಇಳಿದಾಗಿರುತ್ತದೆ. ಡಿಫೆಂಡರ್ ಆ ಶಾರ್ಟ್‌ಕಟ್‌ಗಳನ್ನು ಹಿಡಿದು ತೆಗೆಯಿತು. ನಾನು ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ಆಟ್ರಿಬ್ ಎಂಬ ಆಜ್ಞೆ ಕೊಟ್ಟು ಬಚ್ಚಿಟ್ಟಿದ್ದ ಫೋಲ್ಡರುಗಳನ್ನು ಹೊರಗೆ ತಂದೆ. ಅಲ್ಲಿಯವರೆಗೆ ಆ ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ನಿಮ್ಮ ಮನೆಯಲ್ಲಿಯೂ ಮೊಮ್ಮಗನ ಶಾಲೆಯ ಕೆಲಸಕ್ಕೆ ಹತ್ತು ಕಡೆ ತಿರುಗಿದ ಪೆನ್‌ಡ್ರೈವ್ ಬಂದೇ ಬರುತ್ತದೆ. ಹಾಕಿದ ಕೂಡಲೇ ತೆರೆಯದೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸುವುದನ್ನು ಅವನಿಗೂ ರೂಢಿ ಮಾಡಿಸು.

ನೀನು ಬಾಣಂತನಕ್ಕೆ ಬಂದಿದ್ದಾಗ ಅಂಗಡಿಯಲ್ಲಿ ನಡೆದ ಒಂದು ಸಂಗತಿಯನ್ನು ನಿನಗೆ ಅಂದು ಹೇಳಿರಲಿಲ್ಲ. ಕಂಪ್ಯೂಟರ್ ರಿಪೇರಿಗೆ ಬಂದವರೊಬ್ಬರು ದುಡ್ಡು ಉಳಿಯುತ್ತದೆಂದು ಹೇಳಿ ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ನಡೆಯುವಂತೆ ಬೀಗ ಮುರಿದ ಸಾಫ್ಟ್‌ವೇರ್ ಹಾಕಿಕೊಟ್ಟರು. ಹಾಕುವಾಗ ಆಂಟಿವೈರಸ್ ತಡೆಯಿತು. ಹೀಗೆ ಸುಮ್ಮನೆ ಹೆದರಿಸುತ್ತದೆ, ಹತ್ತು ನಿಮಿಷ ಆಫ್ ಮಾಡಿ ಎಂದರು. ನನ್ನ ಕೈಯಾರೆ ನಾನೇ ಆಫ್ ಮಾಡಿದೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕಡತಗಳ ಹೆಸರಿಗೆಲ್ಲ ಅರ್ಥವಾಗದ ನಾಲ್ಕು ಅಕ್ಷರಗಳು ಅಂಟಿಕೊಂಡಿದ್ದವು, ಯಾವುದೂ ತೆರೆಯುತ್ತಿರಲಿಲ್ಲ, ಕಡತಗಳನ್ನು ಬಿಡಿಸಿಕೊಡಲು ಡಾಲರುಗಳಲ್ಲಿ ಹಣ ಕೇಳುವ ಒಂದು ಚೀಟಿ ಪರದೆಯ ಮೇಲಿತ್ತು. ಹಣ ಕೊಡಲಿಲ್ಲ. ಆದರೆ ಹನ್ನೊಂದು ವರ್ಷಗಳಿಂದ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದ ಬಾಡಿಗೆ ಕರಾರುಗಳು, ಅರ್ಜಿ ನಮೂನೆಗಳು, ಊರವರ ಲಗ್ನಪತ್ರಿಕೆಗಳು ಎಲ್ಲವೂ ಹೋದವು. ನಾನೇ ರಾತ್ರಿ ಕುಳಿತು ಅಕ್ಷರ ಜೋಡಿಸಿದ್ದ ನಿನ್ನ ಲಗ್ನಪತ್ರಿಕೆಯೂ ಹೋಯಿತು. ಎಳೆಗೂಸಿನ ತಾಯಿ ನೊಂದುಕೊಳ್ಳುವುದು ಬೇಡವೆಂದು ಸುಮ್ಮನಿದ್ದೆ. ಆದ್ದರಿಂದ ಮಗಳೇ, ಆಂಟಿವೈರಸ್ ಆಫ್ ಮಾಡಿ ಎಂದು ಹೇಳುವ ಯಾವ ಸಾಫ್ಟ್‌ವೇರನ್ನೂ, ಕೊಡುವವರು ಎಷ್ಟೇ ಪರಿಚಿತರಾಗಿರಲಿ, ಮನೆಯ ಕಂಪ್ಯೂಟರಿಗೆ ಹಾಕಿಸಬೇಡ.

ವಿಂಡೋಸ್ ಅಪ್‌ಡೇಟ್ ಬಂದಾಗ ನಾಳೆ ನೋಡೋಣವೆಂದು ಮುಂದೂಡಬಾರದು. 2017ರ ಮೇ ತಿಂಗಳಿನಲ್ಲಿ ಲೋಕವನ್ನೆಲ್ಲ ಕಂಗೆಡಿಸಿದ ವಾನ್ನಾಕ್ರೈ ವೈರಸ್ ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿಯೇ ಬಂದಿತ್ತು; ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿನ್ನದರಲ್ಲಿ ಇರುವುದು ವಿಂಡೋಸ್ 10 ಆಗಿದ್ದರೆ ಅದಕ್ಕೆ ಸಾಮಾನ್ಯ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತಿವೆ, 11ಕ್ಕೆ ಏರಿಸಲು ಬರುತ್ತದೆಯೇ ಎಂದು ಅಳಿಯಂದಿರಿಗೆ ನೋಡಲು ಹೇಳು. ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ನಂಬರಿಗೆ ಕರೆ ಮಾಡಿ ಎಂದು ಪರದೆ ತುಂಬ ಕೆಂಪಾಗಿ ಬರೆದು ಕಿರುಚಿದರೆ ಅದು ಮೋಸ. ಬ್ರೌಸರ್ ಮುಚ್ಚಿಬಿಡು, ಕರೆ ಮಾಡಬೇಡ. ಯಾರಾದರೂ ಹಣ ಕಳೆದುಕೊಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಒಂದನ್ನು ಕೊಂಡುಕೊಂಡು, ತಿಂಗಳಿಗೊಮ್ಮೆ ಮಗುವಿನ ಫೋಟೊಗಳನ್ನೂ ಕಾಗದಪತ್ರಗಳನ್ನೂ ಅದಕ್ಕೆ ನಕಲು ಮಾಡು. ನಕಲಾದ ಕೂಡಲೇ ಬಿಚ್ಚಿ ಕಪಾಟಿನಲ್ಲಿಡು, ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟರೆ ವೈರಸ್ ಅದನ್ನೂ ಬಿಡುವುದಿಲ್ಲ. ಗವಿಮಠದ ಜಾತ್ರೆಗೆ ಬರುವಾಗ ಫೋಟೊಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಾ. ನಾನು ಸ್ಕ್ಯಾನ್ ಮಾಡಿ, ನಿನ್ನ ಅಂಕಪಟ್ಟಿಗಳಿರುವ ಟ್ರಂಕಿನಲ್ಲಿ ಇಡುತ್ತೇನೆ.

ನಿನ್ನ ಅವ್ವ