ಹಾಡಿನ ಪೆಟ್ಟಿಗೆಗೆ ಇನ್ನು ಬೇಕಿರುವುದು ಕನ್ನಡ ಬಲ್ಲ ತಂತ್ರಾಂಶ

ಸಂಪಾದಕರಿಗೆ,

ಮಾನ್ಯರೇ,

ಐಪಾಡ್ ನಿಲ್ಲಿಸುತ್ತೇವೆ ಎಂದು ಆಪಲ್ 2022ರ ಮೇ ತಿಂಗಳಲ್ಲಿ ಹೇಳಿದಾಗ, ಹಾಡು ಕೇಳುವುದಕ್ಕೆಂದೇ ಇರುವ ಯಂತ್ರದ ಕಾಲ ಮುಗಿಯಿತು ಎಂದು ಹಲವರು ಷರಾ ಬರೆದರು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಅದು ಅವಸರದ ಮಾತು. ಶಿರಸಿ, ಸಿದ್ದಾಪುರ, ಕುಮಟಾ ಪೇಟೆಗಳಲ್ಲಿ ಮೆಮೊರಿ ಕಾರ್ಡ್ ಹಾಕುವ ಹಾಡಿನ ಪೆಟ್ಟಿಗೆ ಈಗಲೂ ಮಾರಾಟವಾಗುತ್ತದೆ, ರಿಪೇರಿಗೂ ಬರುತ್ತದೆ. ಅಡಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕೂತವರ ಕೈಗೆ ಅಡಕೆ ಕಲೆ ಹತ್ತಿರುತ್ತದೆ. ಅವರಿಗೆ ಟಚ್‌ಸ್ಕ್ರೀನ್ ಬೇಡ, ಒತ್ತುವ ಗುಂಡಿ ಬೇಕು. ತದಡಿಯಿಂದ ಹೊರಟ ಬೋಟು ದಡದಿಂದ ದೂರ ಸರಿದರೆ ಸಿಗ್ನಲ್ ಹೋಗುತ್ತದೆ. ಘಟ್ಟದ ಊರುಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಟವರಿನ ಬ್ಯಾಟರಿ ಮುಗಿಯುವವರೆಗಷ್ಟೇ ಮೊಬೈಲು.

ಆ್ಯಪ್‌ನಲ್ಲಿ ಮೊದಲೇ ಇಳಿಸಿಕೊಂಡರಾಯಿತಲ್ಲ ಎನ್ನುವವರು ಒಂದು ವಿಷಯ ಗಮನಿಸಬೇಕು. ಅಲ್ಲಿ ಇಳಿಯುವುದು ಬೀಗ ಹಾಕಿದ ಕಡತ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಬಂದು ಹಾಜರಿ ಹಾಕದಿದ್ದರೆ ಇಳಿಸಿಟ್ಟದ್ದೂ ನುಡಿಯುವುದಿಲ್ಲ. ತನ್ನ ಹಾಡಿನ ಆ್ಯಪ್ ವಿಂಕ್ ಮುಚ್ಚುವುದಾಗಿ 2024ರ ಆಗಸ್ಟ್‌ನಲ್ಲಿ ಏರ್‌ಟೆಲ್ ಪ್ರಕಟಿಸಿತು. ಅದಕ್ಕೂ ಮುಂಚೆ 2020ರಲ್ಲಿ ಗೂಗಲ್ ಪ್ಲೇ ಮ್ಯೂಸಿಕ್ ಮುಚ್ಚಿತ್ತು. ಕಾರ್ಡಿನಲ್ಲಿರುವ ಎಂಪಿ3ಗೆ ಇಂಥ ಭಯವಿಲ್ಲ. ಅದರ ಪೇಟೆಂಟ್ ಪರವಾನಗಿಯ ವ್ಯವಹಾರವನ್ನೂ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2017ರಲ್ಲಿ ನಿಲ್ಲಿಸಿದೆ.

ಹಾಗಾಗಿ ಪೆಟ್ಟಿಗೆ ಉಳಿಯುತ್ತದೆ. ಅದರ ಒಳಗಿನ ಸ್ಪೀಕರು, ಸೆಲ್ಲು, ಕಾರ್ಡು ಎಲ್ಲ ಸಾಕಷ್ಟು ಸುಧಾರಿಸಿವೆ. 32 ಜಿಬಿ ಕಾರ್ಡಿನಲ್ಲಿ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಸುಮಾರು 550 ತಾಸು ಹಿಡಿಸುತ್ತದೆ, ತಾಸಿಗೆ 58 ಎಂಬಿಯಷ್ಟು. ಹಿಂದೆ ಬಿದ್ದಿರುವುದು ತಂತ್ರಾಂಶ. ಮುಂದಿನ ಕೆಲವು ವರ್ಷಗಳ ಬದಲಾವಣೆ ಅಲ್ಲಿಯೇ ಆಗಬೇಕು.

ಮೊದಲ ತೊಡಕು ಅಕ್ಷರದ್ದು. ಅಗ್ಗದ ಪ್ಲೇಯರ್‌ನ ಪರದೆ ಕನ್ನಡ ಹೆಸರಿಗೆ ಚೌಕ ಚೌಕ ತೋರಿಸುತ್ತದೆ. ಕೆಲವದರಲ್ಲಿ ಕನ್ನಡ ಅಕ್ಷರ ಇರುತ್ತದೆ, ಆದರೆ ಒತ್ತಕ್ಷರ ಕೂಡುವುದಿಲ್ಲ. ‘ಯಕ್ಷಗಾನ’ದ ಕ, ಷ ಬಿಡಿಬಿಡಿಯಾಗಿ ನಿಂತು ನಡುವೆ ಅರ್ಧಾಕ್ಷರದ ಕೊಂಬು ಕಾಣುತ್ತದೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕ, ಹಲಂತ, ಷ ಎಂದು ಸಾಲಾಗಿ ಇರುವುದನ್ನು ‘ಕ್ಷ’ ಎಂದು ಜೋಡಿಸಿ ಬರೆಯುವುದು ಬೇರೆಯೇ ಒಂದು ತಂತ್ರಾಂಶದ ಕೆಲಸ. ಆಂಡ್ರಾಯ್ಡ್ ಫೋನಿನಲ್ಲಿ ಅದನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಅಗ್ಗದ ಚಿಪ್‌ನ ಮೆಮೊರಿಯಲ್ಲಿ ಅದಕ್ಕೆ ಜಾಗ ಸಾಲದು. ಇನ್ನು ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಹೆಸರು ಟೈಪ್ ಮಾಡಿದ್ದರೆ ಯಾವ ಪ್ಲೇಯರೂ ಅದನ್ನು ಕನ್ನಡವೆಂದು ಗುರುತಿಸದು, ಚಿತ್ರವಿಚಿತ್ರ ರೋಮನ್ ಅಕ್ಷರ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಯೇ ಹೆಸರಿಡಬೇಕು.

ಹಾಡಿನೊಳಗೆ ಅಡಗಿರುವ ಹೆಸರಿನ ಚೀಟಿಯದ್ದು, ಅಂದರೆ ಟ್ಯಾಗಿನದ್ದು, ಇನ್ನೊಂದು ಕಥೆ. ಟ್ಯಾಗಿನ ಹಳೆಯ ನಮೂನೆಯಾದ ಐಡಿ3 ಆವೃತ್ತಿ 1ರಲ್ಲಿ ಒಂದು ಹೆಸರಿಗೆ 30 ಬೈಟ್ ಮಾತ್ರ. ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ‘ಕೃಷ್ಣಾರ್ಜುನ’ ಒಂದಕ್ಕೇ 33 ಬೈಟ್ ಆಗುತ್ತದೆ, ‘ಕಾಳಗ’ದವರೆಗೆ ಹೋಗುವ ಮಾತೇ ಇಲ್ಲ. ಆದ್ದರಿಂದ ಎಂಪಿ3ಟ್ಯಾಗ್‌ನಂಥ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಐಡಿ3 ಆವೃತ್ತಿ 2.3, ಯುಟಿಎಫ್-16 ಆರಿಸಿಕೊಂಡು ಬರೆಯಿರಿ. 2.4 ಹೊಸದಾದರೂ ಹಳೆಯ ಕಾರ್ ಸ್ಟೀರಿಯೊಗಳು ಅದನ್ನು ಓದದೆ ಖಾಲಿ ತೋರಿಸುವುದುಂಟು.

ಪರದೆಯ ತೊಡಕಿಗೆ ತಯಾರಕರು ದೊಡ್ಡ ಚಿಪ್ ಹಾಕುವವರೆಗೆ ಕಾಯಬೇಕಿಲ್ಲ. ಹೆಸರನ್ನು ಕಂಪ್ಯೂಟರಿನಲ್ಲೇ ಕನ್ನಡ ಅಕ್ಷರಶೈಲಿಯಲ್ಲಿ ಜೋಡಿಸಿ, ಕಪ್ಪು-ಬಿಳುಪು ಚಿತ್ರದ ಪಟ್ಟಿಯಾಗಿ ಮಾಡಿ ಹಾಡಿನ ಜೊತೆ ಕಾರ್ಡಿಗೆ ಹಾಕಿದರಾಯಿತು; ಪ್ಲೇಯರ್ ಅದನ್ನು ಚಿತ್ರವೆಂದು ತೋರಿಸಿದರೆ ಸಾಕು, ಓದಬೇಕಿಲ್ಲ. ಅಗಲ 128 ಚುಕ್ಕಿ, ಎತ್ತರ 24 ಚುಕ್ಕಿ ಇಟ್ಟರೆ ಒಂದು ಹೆಸರಿಗೆ 384 ಬೈಟ್. ಸಾವಿರ ಹಾಡಿಗೂ ಅರ್ಧ ಎಂಬಿ ಆಗದು. ಎತ್ತರ 16 ಇಟ್ಟರೆ ಕೆಳಗಿಳಿಯುವ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ನೋಟೊ, ಲೋಹಿತ್, ನವಿಲು ಇಷ್ಟೂ ಅಕ್ಷರಶೈಲಿಗಳು ಉಚಿತವಾಗಿ ಸಿಗುತ್ತವೆ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್, ಡಿಪ್ಲೊಮಾ ವಿದ್ಯಾರ್ಥಿಗಳು ಪ್ರಾಜೆಕ್ಟ್ ಹುಡುಕುವ ಕಾಲಕ್ಕೆ ಇದನ್ನು ಎತ್ತಿಕೊಳ್ಳಬಹುದು. ಈಎಸ್‌ಪಿ32 ಚಿಪ್ ಮೇಲೆ ಕಟ್ಟಿದ ಟಂಗಾರಾ ಎಂಬ ಪ್ಲೇಯರ್‌ನ ನಕ್ಷೆ, ತಂತ್ರಾಂಶ ಎರಡೂ ಮುಕ್ತವಾಗಿವೆ, ಅಲ್ಲಿಂದ ಶುರು ಮಾಡಬಹುದು.

ಕಣ್ಣು ಮಂಜಾದ ಹಿರಿಯರಿಗೆ ಪರದೆಗಿಂತ ಧ್ವನಿ ಒಳ್ಳೆಯದು. ಹಳೆಯ ಐಪಾಡ್ ಮತ್ತಿತರ ಪ್ಲೇಯರ್‌ಗಳಿಗೆ ಹಾಕುವ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಸೌಲಭ್ಯ ಬಹಳ ಹಿಂದಿನಿಂದ ಇದೆ. ಫೋಲ್ಡರಿನೊಳಗೆ ಒಂದು ಸಣ್ಣ ಧ್ವನಿ ತುಣುಕು ಇಟ್ಟರೆ, ಅದರ ಮೇಲೆ ಬಂದು ನಿಂತಾಗ ಪ್ಲೇಯರ್ ಹೆಸರು ಹೇಳುತ್ತದೆ. ಆ ತುಣುಕು ಮಾಡಲು, ಬರಹವನ್ನು ಓದಿ ಹೇಳುವ ಈಸ್ಪೀಕ್ ಎನ್‌ಜಿ ಎಂಬ ತಂತ್ರಾಂಶ ಕನ್ನಡ ಮಾತಾಡುತ್ತದೆ. ಉಚ್ಚಾರ ಯಂತ್ರದ್ದೇ, ಆದರೂ ‘ಗದಾಪರ್ವ’ ಎಂದರೆ ಅರ್ಥವಾಗುತ್ತದೆ. 2001ರಲ್ಲಿ ಶುರುವಾದ ರಾಕ್‌ಬಾಕ್ಸ್‌ನ 4.0 ಆವೃತ್ತಿ 2025ರಲ್ಲಿ ಬಂದಿದೆ. ತಯಾರಕರು ಕೈಬಿಟ್ಟ ಯಂತ್ರಕ್ಕೆ ಬಳಸುವವರೇ ಇಷ್ಟು ಕಾಲ ತಂತ್ರಾಂಶ ಬರೆಯುತ್ತ ಬಂದಿದ್ದಾರೆ. ಮುಂದಿನ ದಾರಿ ಇದೇ ಇರಬೇಕು ಎಂಬುದು ನಮ್ಮ ಅಂದಾಜು.

ಯಕ್ಷಗಾನ, ತಾಳಮದ್ದಳೆ ಕೇಳುವವರ ದೂರು ಬೇರೆ. ಸಿನಿಮಾ ಹಾಡಿಗೆಂದು ಮಾಡಿದ ಪ್ಲೇಯರಿಗೆ ಎಂಟು ತಾಸಿನ ಆಟ ಅರ್ಥವಾಗುವುದಿಲ್ಲ. ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದುವರಿಸುವ ಜಾಗದ ಗುರುತನ್ನು ಹಲವು ಚಿಪ್‌ಗಳು ಗುಂಡಿ ಒತ್ತಿ ಆರಿಸಿದಾಗ ಮಾತ್ರ ಬರೆದಿಡುತ್ತವೆ. ಸೆಲ್ ತಾನಾಗಿ ಖಾಲಿಯಾದರೆ ಗುರುತು ಹೋಯಿತು, ಮತ್ತೆ ಪೂರ್ವರಂಗದಿಂದ ಶುರು. ನಿಮಿಷಕ್ಕೊಮ್ಮೆ ಬರೆದಿಟ್ಟರೆ ಈ ಪಡಿಪಾಟಲಿಲ್ಲ. ಇದು ನಾಲ್ಕೈದು ಸಾಲಿನ ತಂತ್ರಾಂಶ, ಯಾಕೆ ಮಾಡುವುದಿಲ್ಲವೋ! ಮುಂದಕ್ಕೆ ಓಡಿಸುವಾಗ ಎಲ್ಲೆಲ್ಲಿಗೋ ಜಿಗಿಯುವುದು ವಿಬಿಆರ್ ಕಡತದ ದೋಷ. ಪ್ರತಿ ಕ್ಷಣಕ್ಕೆ ಬೇರೆ ಬೇರೆ ಗಾತ್ರ ಇರುವುದರಿಂದ ಪ್ಲೇಯರ್ ಸರಾಸರಿ ಹಿಡಿದು ಲೆಕ್ಕ ಹಾಕುತ್ತದೆ, ಲೆಕ್ಕ ತಪ್ಪುತ್ತದೆ. ಎಲ್ಲ ಕ್ಷಣಕ್ಕೂ ಒಂದೇ ಗಾತ್ರ ಇಡುವ ಸಿಬಿಆರ್‌ನಲ್ಲಿ ಮಾಡಿದರೆ ಸರಿಹೋಗುತ್ತದೆ.

ಸದ್ಯಕ್ಕೆ ಮಾಡಬಹುದಾದ ಉಪಾಯವೆಂದರೆ ಆಟವನ್ನು 30 ನಿಮಿಷದ ತುಂಡುಗಳಾಗಿ ಕತ್ತರಿಸುವುದು. ಗಡಿಯಾರ ನೋಡಿ ಕತ್ತರಿಸಬೇಡಿ, ಪದ್ಯ ಮುಗಿದು ಅರ್ಥ (ಪಾತ್ರಧಾರಿಯ ಮಾತು) ಶುರುವಾಗುವ ಸಂದಿನಲ್ಲಿ ಕತ್ತರಿಸಿ. ಎಂಪಿ3 ತನ್ನ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಸಿಕೊಳ್ಳುತ್ತದೆ. ಪದ್ಯದ ನಡುವೆ ಕತ್ತರಿಸಿದರೆ ತಾಳ ಎಡವಿದಂತೆ ಕೇಳಿಸುತ್ತದೆ. ಹೆಸರಿನ ಮುಂದೆ 01, 02 ಎಂದು ಎರಡಂಕಿ ಹಾಕಿ. ಬರೀ 1, 2 ಹಾಕಿದರೆ 10 ಬಂದು 2ರ ಮುಂದೆ ಕೂರುತ್ತದೆ. ಅಷ್ಟು ಮಾಡಿಯೂ ತುಂಡುಗಳು ಅದಲುಬದಲಾದರೆ ಪ್ಲೇಯರ್ ಹೆಸರನ್ನು ನೋಡುತ್ತಲೇ ಇಲ್ಲ, ಕಾರ್ಡಿಗೆ ಬರೆದ ಕ್ರಮದಲ್ಲೇ ನುಡಿಸುತ್ತಿದೆ ಎಂದು ತಿಳಿಯಿರಿ. ಆಗ ಕಾರ್ಡನ್ನು ಎಫ್‌ಎಟಿ32 ಎಂಬ ಹಳೆಯ ಕಡತ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿ, ಒಂದೊಂದಾಗಿ ಕ್ರಮವಾಗಿ ನಕಲಿಸಬೇಕು, ಇಲ್ಲವೇ ಕ್ರಮ ಸರಿಪಡಿಸುವ ಫ್ಯಾಟ್‌ಸಾರ್ಟ್ ತಂತ್ರಾಂಶ ಓಡಿಸಬೇಕು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಾರ್ಡ್ ಎಕ್ಸ್‌ಫ್ಯಾಟ್ ಎಂಬ ಬೇರೆ ವ್ಯವಸ್ಥೆಯಲ್ಲಿ ಬರುತ್ತದೆ, ಅಗ್ಗದ ಪೆಟ್ಟಿಗೆಗಳು ಅದನ್ನು ಓದದೆ ‘ಕಾರ್ಡ್ ಇಲ್ಲ’ ಎನ್ನುತ್ತವೆ. ಕಾರ್ಡ್ ಕೆಟ್ಟಿದೆ ಎಂದು ಎಸೆದವರು ಎಷ್ಟೋ ಮಂದಿ.

ಚಂಡೆಯ ವಿಷಯವನ್ನೂ ಹೇಳಬೇಕು. ಎಂಪಿ3 ಸದ್ದನ್ನು 1152 ಮಾದರಿಗಳ ಕಂತಿನಲ್ಲಿ ಹಿಡಿಯುತ್ತದೆ, ಸಿ.ಡಿ. ಗುಣಮಟ್ಟದಲ್ಲಿ ಅದು ಸುಮಾರು 26 ಮಿಲಿಸೆಕೆಂಡ್. ಚಂಡೆಯ ಪೆಟ್ಟು ಅದಕ್ಕಿಂತ ಹರಿತ. ಬಿಟ್ ಕಡಿಮೆಯಿದ್ದರೆ ತಪ್ಪಿನ ಗದ್ದಲ ಪೆಟ್ಟು ಬೀಳುವ ಮುಂಚೆಯೇ ಹರಡಿ, ಪೆಟ್ಟು ಮೊಂಡಾಗುತ್ತದೆ. ಆಟಕ್ಕೆ 128ಕ್ಕಿಂತ ಕೆಳಗಿಳಿಯಬೇಡಿ, 192 ಇದ್ದರೆ ವಾಸಿ. ಒಂದೇ ಮೈಕಿನಲ್ಲಿ ಹಿಡಿದ ತಾಳಮದ್ದಳೆಯಲ್ಲಿ ಅರ್ಥವೇ ಹೆಚ್ಚಾದ್ದರಿಂದ ಮೊನೊ 64 ಸಾಕು, ತಾಸಿಗೆ 29 ಎಂಬಿ. ಮೂಲಪ್ರತಿಯನ್ನು ಮಾತ್ರ, ಸದ್ದಿನಲ್ಲಿ ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್‌ನಲ್ಲಿ ಬೇರೆ ಡಿಸ್ಕಿನಲ್ಲಿಡಿ. 2012ರಲ್ಲಿ ಬಂದ ಓಪಸ್ ಎಂಬ ನಮೂನೆ ಎಂಪಿ3ಗಿಂತ ಚೆನ್ನಾಗಿದೆ, ಫೋನುಗಳು ನುಡಿಸುತ್ತವೆ; ಅಗ್ಗದ ಪೆಟ್ಟಿಗೆಗಳ ಚಿಪ್‌ಗೆ ಅದು ಇನ್ನೂ ಬರಬೇಕು. ಬಳಸಲು ಶುಲ್ಕವಿಲ್ಲದ್ದರಿಂದ ಬಂದೇ ಬರುತ್ತದೆ ಎಂದುಕೊಂಡಿದ್ದೇವೆ.

ಬರಲಿರುವ ತಂತ್ರಾಂಶದಲ್ಲಿ ನಮಗೆ ಹೆಚ್ಚು ಆಸೆ ಇರುವುದು ಮಾತನ್ನು ಹುಡುಕುವ ಕೆಲಸದ ಮೇಲೆ. ನಾಲ್ಕು ತಾಸಿನ ತಾಳಮದ್ದಳೆಯಲ್ಲಿ ಕರ್ಣ ಶಲ್ಯನಿಗೆ ಕೊಟ್ಟ ಉತ್ತರ ಎಲ್ಲಿದೆ ಎಂದು ಹುಡುಕುವುದು ಈಗ ಕಿವಿಯ ಕೆಲಸ. ಮಾತನ್ನು ಬರಹ ಮಾಡುವ ವಿಸ್ಪರ್ 2022ರಲ್ಲಿ ಬಂತು. ಕನ್ನಡದಲ್ಲಿ ಅದು ಎಡವುವುದೇ ಹೆಚ್ಚು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೆಂದೇ ಮಾಡಿ ಮುಕ್ತವಾಗಿ ಬಿಟ್ಟ ಮಾದರಿಗಳಿವೆ, ಅವನ್ನು ಮೊದಲು ಪರೀಕ್ಷಿಸಿ. ಚಂಡೆ-ಮದ್ದಳೆಯೊಂದಿಗಿನ ಪದ್ಯವನ್ನು ಇವು ಹಿಡಿಯಲಾರವು. ಭಾಗವತರು ರಾಗ ಎಳೆದಾಗ ಯಂತ್ರಕ್ಕೆ ಅದು ಮಾತೇ ಅಲ್ಲ. ಅರ್ಥಗಾರಿಕೆಯ ಭಾಗ ಮಾತ್ರ ಕೊಡಬೇಕು. ಹುಡುಕಲು ಪ್ರತಿ ಪದ ಸರಿಯಿರಬೇಕಿಲ್ಲ. ಹತ್ತರಲ್ಲಿ ಆರು ಪದ ಸಿಕ್ಕರೂ ಜಾಗ ಸಿಗುತ್ತದೆ.

ಈ ಲೆಕ್ಕವನ್ನು ಪುಟ್ಟ ಪೆಟ್ಟಿಗೆಯಲ್ಲೇ ಮಾಡಿಸಲು ಹೋಗಬಾರದು. ಮನೆಯ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ, ಸಿಕ್ಕ ಸಮಯದ ಗುರುತುಗಳನ್ನು ಕ್ಯೂ ಶೀಟ್ ಎಂಬ ಸಣ್ಣ ಪಟ್ಟಿಯಾಗಿ ಹಾಡಿನ ಕಡತದ ಪಕ್ಕ ಇಟ್ಟರೆ ಅದನ್ನು ಓದಬಲ್ಲ ಪ್ಲೇಯರ್ ನೇರ ಅಲ್ಲಿಗೆ ಜಿಗಿಯುತ್ತದೆ. ಕ್ಯೂ ಶೀಟಿನಲ್ಲಿ ಸಮಯವನ್ನು ನಿಮಿಷ, ಸೆಕೆಂಡ್, ಸೆಕೆಂಡಿನ 75ನೇ ಪಾಲು ಎಂದು ಬರೆಯಬೇಕು. ನಿಮಿಷಕ್ಕೆ ಎರಡೇ ಅಂಕಿ. 99 ದಾಟಿದರೆ ಹಲವು ಪ್ಲೇಯರ್‌ಗಳು ಮುಗ್ಗರಿಸುತ್ತವೆ. ತುಂಡು ಮಾಡುವುದಕ್ಕೆ ಇದೂ ಒಂದು ಕಾರಣ.

ಬ್ಲೂಟೂತ್‌ನಲ್ಲಿ ಎಲ್‌ಇ ಆಡಿಯೊ ಎಂಬ ಹೊಸ ಪೀಳಿಗೆ ಬಂದಿದೆ, 2022ರಲ್ಲಿ ಅದರ ನಿಯಮಾವಳಿ ಪೂರ್ಣವಾಯಿತು. ಇದರ ಆರಾಕಾಸ್ಟ್ ಸೌಲಭ್ಯದಲ್ಲಿ ಒಂದು ಪ್ಲೇಯರಿನಿಂದ ಎಷ್ಟು ಮಂದಿಯಾದರೂ ತಮ್ಮ ಇಯರ್‌ಫೋನಿನಲ್ಲಿ ಕೇಳಬಹುದು. ಕಿವಿ ಮಂದವಾದವರು ಆಟದ ಸಭೆಯಲ್ಲಿ ತಮ್ಮ ಶ್ರವಣಯಂತ್ರಕ್ಕೇ ಭಾಗವತಿಕೆ ಬರಿಸಿಕೊಳ್ಳುವ ದಿನ ದೂರವಿಲ್ಲ. ಒಂದು ಎಚ್ಚರಿಕೆ ಮಾತ್ರ: ಡಬ್ಬಿಯ ಮೇಲೆ ‘ಬ್ಲೂಟೂತ್ 5.3’ ಎಂದಿದ್ದರೆ ಎಲ್‌ಇ ಆಡಿಯೊ ಇದೆ ಎಂದರ್ಥವಲ್ಲ, ಅದು ತಯಾರಕರ ಇಚ್ಛೆಗೆ ಬಿಟ್ಟ ಸೌಲಭ್ಯ. ಹೆಸರೆತ್ತಿ ಬರೆದಿದ್ದರೆ ಮಾತ್ರ ನಂಬಿ.

ಆಂಡ್ರಾಯ್ಡ್ ಇರುವ ದುಬಾರಿ ಪ್ಲೇಯರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡ ಚೆನ್ನಾಗಿ ಕಾಣುತ್ತದೆ, ಸದ್ದು ಸೊಗಸು. ಆದರೆ ಒಳಗಿನ ಆಂಡ್ರಾಯ್ಡ್ ಹಳತಾದಂತೆ ಆ್ಯಪ್‌ಗಳು ಒಂದೊಂದಾಗಿ ಕೈಕೊಡುತ್ತವೆ, ಯಂತ್ರ ಗಟ್ಟಿಮುಟ್ಟಾಗಿರುವಾಗಲೇ.

ಸೆಲ್ಲಿನ ಮಾತಿಗೆ ಬಂದರೆ ಒಳ್ಳೆಯ ಸುದ್ದಿಯಿದೆ. ಬಳಸುವವರೇ ಬ್ಯಾಟರಿ ಬದಲಿಸುವಂತಿರಬೇಕು ಎಂಬ ಯುರೋಪಿನ ನಿಯಮ 2027ರ ಫೆಬ್ರುವರಿ 18ರಿಂದ ಜಾರಿಗೆ ಬರುತ್ತದೆ. ಅಲ್ಲಿಗೆಂದು ಮಾಡಿದ ವಿನ್ಯಾಸ ಇಲ್ಲಿಗೂ ಬರುವ ಸಂಭವ ಹೆಚ್ಚು. ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಸೆಲ್ ಹಾಕುವ ನಮ್ಮ ಅಗ್ಗದ ಪೆಟ್ಟಿಗೆಗಳು ಈ ವಿಷಯದಲ್ಲಿ ಮೊದಲೇ ಮುಂದಿವೆ ಎನ್ನಿ! ಚಾರ್ಜಿಂಗ್ ಭಾಗ ಸುಟ್ಟರೆ ಟಿಪಿ4056 ಬೋರ್ಡ್ ಹಾಕಬಹುದು. ಅದು 1.2 ಕಿಲೋ ಓಮ್ ರೆಸಿಸ್ಟರಿನೊಂದಿಗೆ 1 ಆಂಪಿಯರ್ ಕೊಡುತ್ತದೆ; ಸುಮಾರು 1000 ಎಂಎಎಚ್ ಇರುವ ಬಿಎಲ್-5ಸಿಗೆ ಅದು ಜಾಸ್ತಿ. 2 ಕಿಲೋ ಓಮ್ ಹಾಕಿದರೆ 580 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಉಬ್ಬಿದ ಸೆಲ್ಲನ್ನು ಒತ್ತಿ ಮುಚ್ಚಳ ಹಾಕುವುದು ಬೆಂಕಿಗೆ ಆಹ್ವಾನ.

ಟೈಪ್-ಸಿ ಇದ್ದರೂ ಹೊಸ ಫೋನಿನ ಚಾರ್ಜರಿನಲ್ಲಿ ಚಾರ್ಜ್ ಆಗದ ಪೆಟ್ಟಿಗೆಗಳು ಬಹಳ ಬರುತ್ತಿವೆ. ಸಿಸಿ ಎಂಬ ಎರಡು ಪಿನ್‌ಗಳಿಗೆ ತಲಾ 5.1 ಕಿಲೋ ಓಮ್ ರೆಸಿಸ್ಟರ್ ಹಾಕದೆ ತಯಾರಕರು ಪುಡಿಗಾಸು ಉಳಿಸಿರುತ್ತಾರೆ. ಎರಡೂ ತುದಿ ಸಿ ಇರುವ ಕೇಬಲಿನಲ್ಲಿ ಚಾರ್ಜರಿಗೆ ಎದುರು ಯಂತ್ರವಿದೆ ಎಂದೇ ತಿಳಿಯುವುದಿಲ್ಲ, ವಿದ್ಯುತ್ ಬಿಡುವುದಿಲ್ಲ. ಹಳೆಯ ಅಗಲ ತುದಿಯ ಕೇಬಲ್ ಹಾಕಿದರೆ ಆಗುತ್ತದೆ. ಕಾರವಾರ, ಅಂಕೋಲಾ ಕಡೆ ಉಪ್ಪು ಗಾಳಿಗೆ ಚಾರ್ಜಿಂಗ್ ತೂತಿನೊಳಗೆ ಹಸಿರು ಕಿಲುಬು ಕಟ್ಟುವುದು ಇನ್ನೊಂದು ಕಾರಣ. ಸೆಲ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಥಿನ್ನರ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಮಳೆಗಾಲದಲ್ಲಿ ಬಳಸದೆ ಇಡುವುದಾದರೆ ಸೆಲ್ಲು ಅರ್ಧ ಚಾರ್ಜಿನಲ್ಲಿರಲಿ.

ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಪರೀಕ್ಷೆಯ ಕಾರ್ಡ್ ಇಟ್ಟುಕೊಂಡು ಹೋಗಿ. ಅದರಲ್ಲಿ ‘ಕೃಷ್ಣಾರ್ಜುನ’ ಎಂಬ ಹೆಸರಿನ ಒಂದು ಕಡತ, ಮೂರು ತಾಸಿನ ಒಂದು ಕಡತ, ಉಲ್ಟಾ ಕ್ರಮದಲ್ಲಿ ನಕಲಿಸಿದ 01ರಿಂದ 12ರವರೆಗಿನ ತುಂಡುಗಳು, ಒಂದು ಫ್ಲ್ಯಾಕ್, ಒಂದು ಓಪಸ್ ಇರಲಿ. ಮೂರು ತಾಸಿನದ್ದನ್ನು ನಡುವೆ ಓಡಿಸಿ, ಆರಿಸದೆ ಸೆಲ್ ಕಿತ್ತು ಮತ್ತೆ ಹಾಕಿ ನೋಡಿ. ಅಂಗಡಿಯವರು ಕೊಡುವ ಕಾರ್ಡನ್ನು ಮನೆಯಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪರೀಕ್ಷೆಯ ತಂತ್ರಾಂಶ ಹಾಕಿ ತುಂಬಿಸಿ ನೋಡಿ. 128 ಜಿಬಿ ಎಂದು ಬರೆದು ಒಳಗೆ 8 ಜಿಬಿ ಇರುವ ನಕಲಿ ಕಾರ್ಡು ಅದರಲ್ಲಿ ಸಿಕ್ಕಿಬೀಳುತ್ತದೆ. ಬಿಲ್ಲಿನಲ್ಲಿ ಮಾಡೆಲ್ ಸಂಖ್ಯೆ ಬರೆಸಿಕೊಳ್ಳಿ, ಪರೀಕ್ಷೆ ಮಾಡಿದ ಪೆಟ್ಟಿಗೆಯನ್ನೇ ತನ್ನಿ. ಅದೇ ಕವಚದೊಳಗೆ ಬೇರೆ ಚಿಪ್ ಇರುವುದೂ ಉಂಟು.

— ರೇಡಿಯೊ, ಮೊಬೈಲ್ ರಿಪೇರಿ ಕೆಲಸದ ಇಬ್ಬರು, ಶಿರಸಿ